ಸಿತಾರ್ ವಾದಕರೊಬ್ಬರ ಭಾವಚಿತ್ರ: ವರ್ಷವಿಡೀ ಜೊತೆಯಾಗಿ ಕೆಲಸ ಮಾಡುವುದು ಹೇಗೆ?

ನೆರಳುಬೆಳಕು (ಧಾರವಾಡ) ಕೇಳಿದ ಪ್ರಶ್ನೆ

ನಾನು 12 ವರ್ಷಗಳಿಂದ ಧಾರವಾಡದಲ್ಲಿ ಭಾವಚಿತ್ರಗಳನ್ನು ತೆಗೆಯುತ್ತಿದ್ದೇನೆ. ಒಬ್ಬರೇ ವ್ಯಕ್ತಿ, ಬೂದು ಬಣ್ಣದ ಹಿನ್ನೆಲೆ, ಬೆಳಕನ್ನು ಮೃದುವಾಗಿಸುವ ಒಂದು ದೊಡ್ಡ ಸಾಫ್ಟ್‌ಬಾಕ್ಸ್, ಅರ್ಧ ಗಂಟೆ. ನನ್ನ ಕೆಲಸವೆಲ್ಲ ಬಹುಪಾಲು ಇಷ್ಟರೊಳಗೇ ನಡೆದಿದೆ. ನಮ್ಮ ಓಣಿಯಲ್ಲಿರುವ ಸಿತಾರ್ ವಾದಕರೊಬ್ಬರು ಮುಂದಿನ ವರ್ಷ ತಮ್ಮ ಮೊದಲ ಧ್ವನಿಮುದ್ರಿಕೆಯನ್ನು ಹೊರತರಲಿದ್ದಾರೆ. ಮುಖಪುಟಕ್ಕೆ ಒಂದು ಚಿತ್ರ ತೆಗೆದುಕೊಟ್ಟರೆ ಸಾಲದು, ರಿಯಾಜ್‌ನಿಂದ (ದಿನನಿತ್ಯದ ಅಭ್ಯಾಸದಿಂದ) ಹಿಡಿದು ಧ್ವನಿಮುದ್ರಣದವರೆಗೆ ವರ್ಷವಿಡೀ ಜೊತೆಗಿರಬೇಕು, ಆ ಚಿತ್ರಗಳನ್ನು ಎದುರಿಗಿಟ್ಟುಕೊಂಡು ಯಾವ ರಾಗಗಳನ್ನು ಯಾವ ಕ್ರಮದಲ್ಲಿ ನುಡಿಸಬೇಕೆಂದು ತಾವು ನಿರ್ಧರಿಸುತ್ತೇವೆ ಎಂಬುದು ಅವರ ಆಸೆ. ನನಗೂ ಇದು ಬಹಳ ಹಿಡಿಸಿದೆ.

ಆದರೆ ಆರಂಭವೇ ಎಡವಿತು. ಕಳೆದ ತಿಂಗಳು ಅವರನ್ನು ಸ್ಟುಡಿಯೋಗೆ ಕರೆದು ಎರಡು ಗಂಟೆ ಚಿತ್ರ ತೆಗೆದೆ. ದೀಪ ಹೊತ್ತಿದೊಡನೆ ಅವರು ಬೆನ್ನು ನೆಟ್ಟಗೆ ಮಾಡಿ, ಕಛೇರಿಯ ಕರಪತ್ರಗಳಲ್ಲಿ ನಾವೆಲ್ಲ ನೋಡಿರುವ ಆ ಶಾಂತವಾದ ಮುಗುಳ್ನಗೆಯನ್ನು ತಂದುಕೊಂಡರು. ಕೊನೆಯ ಚಿತ್ರದವರೆಗೂ ಅದು ಕದಲಲಿಲ್ಲ. ನಸುಕಿನಲ್ಲಿ ಅವರ ಮನೆಯ ಮುಂದೆ ಹಾಯುವಾಗ ಕಿಟಕಿಯಲ್ಲಿ ನನಗೆ ಕಾಣುವುದು ಬೇರೆಯೇ ಮುಖ: ಒಂದೇ ಮೀಂಡನ್ನು (ತಂತಿ ಎಳೆದು ಸ್ವರದಿಂದ ಸ್ವರಕ್ಕೆ ಜಾರುವುದನ್ನು) ಇಪ್ಪತ್ತು ಸಲ ಎಳೆದು ನೋಡಿ, ಸ್ವರ ಕೂಡದಿದ್ದಾಗ ತುಟಿ ಕಚ್ಚಿ ಮತ್ತೆ ಮೊದಲಿನಿಂದ ಶುರುಮಾಡುವ ಮುಖ. ನನಗೆ ಬೇಕಾಗಿರುವುದು ಅದೇ. ಅದನ್ನು ಕದ್ದು ತೆಗೆಯಲು ಮನಸ್ಸಿಲ್ಲ, ಕೇಳಿ ತೆಗೆದರೆ ಅದು ಸಿಗುವುದಿಲ್ಲ. ಇಂಥ ಜೊತೆಗಾರಿಕೆಯ ಅನುಭವವಿರುವವರು ದಾರಿ ತೋರಿಸಬೇಕೆಂದು ಕೇಳಿಕೊಳ್ಳುತ್ತೇನೆ. ಚಿತ್ರಗಳ ಹಕ್ಕು ಯಾರಿಗೆ ಸೇರುತ್ತದೆ ಎಂಬುದೂ ನನಗೆ ಸ್ಪಷ್ಟವಿಲ್ಲ.

ವಿಲಂಬಿತ (ಬೆಂಗಳೂರು) ಅವರ ಉತ್ತರ

ನಿಮ್ಮ ಪ್ರಶ್ನೆಯನ್ನು ಓದಿದಾಗ ನನಗೆ ಮೊದಲು ನೆನಪಾದವರು ಛಾಯಾಗ್ರಾಹಕಿ ದಯನಿತಾ ಸಿಂಗ್ ಮತ್ತು ತಬಲಾ ವಾದಕ ಜಾಕಿರ್ ಹುಸೇನ್. 1980ರ ದಶಕದ ಆರಂಭದಲ್ಲಿ ದಯನಿತಾ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ವಿದ್ಯಾರ್ಥಿನಿ. ಜಾಕಿರ್ ಅವರ ಕಛೇರಿಯಲ್ಲಿ ಚಿತ್ರ ತೆಗೆಯಲು ಹೋದಾಗ ಸಂಘಟಕರು ಅಡ್ಡಿಪಡಿಸಿ, ಆಕೆ ಎಲ್ಲರೆದುರು ಬಿದ್ದರಂತೆ. ತಾನು ಇಂದು ವಿದ್ಯಾರ್ಥಿನಿಯಾದರೂ ಮುಂದೊಂದು ದಿನ ದೊಡ್ಡ ಛಾಯಾಗ್ರಾಹಕಿಯಾಗುತ್ತೇನೆ ಎಂದು ಆ ನೋವಿನಲ್ಲೇ ಜಾಕಿರ್ ಅವರಿಗೆ ನೇರವಾಗಿ ಹೇಳಿದ್ದನ್ನು ಆಕೆ ಅನೇಕ ಸಲ ನೆನೆದಿದ್ದಾರೆ. ಜಾಕಿರ್ ಆ ಮಾತನ್ನು ತಳ್ಳಿಹಾಕದೆ ತಮ್ಮ ಲೋಕದ ಬಾಗಿಲನ್ನು ತೆರೆದರು. ಮುಂದಿನ ಆರು ಚಳಿಗಾಲಗಳಲ್ಲಿ, ಅಂದರೆ ನಮ್ಮಲ್ಲಿ ಕಛೇರಿಗಳು ತುಂಬಿರುವ ಋತುವಿನಲ್ಲಿ, ಆಕೆ ಅವರೊಡನೆಯೂ ಇತರ ಸಂಗೀತಗಾರರೊಡನೆಯೂ ಊರೂರು ಪ್ರಯಾಣಿಸಿದರು.

1986ರಲ್ಲಿ ಬಂದ ಆಕೆಯ ಮೊದಲ ಪುಸ್ತಕ ಹುಟ್ಟಿದ್ದು ಹೀಗೆ; ಅದರ ಹೆಸರೂ ಜಾಕಿರ್ ಹುಸೇನ್ ಎಂದೇ. ಅದರಲ್ಲಿ ವೇದಿಕೆಯ ಮೇಲಿನ ಕಲಾವಿದನಷ್ಟೇ ಅಲ್ಲ, ಮನೆಯವರ ನಡುವಿನ ಜಾಕಿರ್ ಕೂಡ ಇದ್ದಾರೆ. ಜೊತೆಗೆ ಆಕೆ ಅವರೊಡನೆ ನಡೆಸಿದ ಮಾತುಕತೆಗಳಿವೆ. ನಾನು ಇದನ್ನು ಒತ್ತಿ ಹೇಳಲು ಕಾರಣವಿದೆ. ನೀವು ಸಂಗೀತಗಾರರ ಮಾತನ್ನು ಕೇಳಿಸಿಕೊಳ್ಳದೆ ಮುಖವನ್ನು ಮಾತ್ರ ನೋಡುತ್ತಿದ್ದರೆ, ಅವರು ನಿಮಗೆ ತೋರಿಸಲೆಂದೇ ಇಟ್ಟುಕೊಂಡ ಮುಖವನ್ನು ತೋರಿಸುತ್ತಾರೆ. ರಿಯಾಜ್ ಎಂದರೇನು, ಏಕಾಗ್ರತೆ ಎಂದರೇನು ಎಂಬುದನ್ನು ಜಾಕಿರ್ ಅವರಿಂದ ಕಲಿತೆನೆಂದು, ಅವರೇ ತನ್ನ ಗುರುವೆಂದು ದಯನಿತಾ ಹೇಳುತ್ತ ಬಂದಿದ್ದಾರೆ. 2019ರಲ್ಲಿ ಜರ್ಮನಿಯ ಸ್ಟೈಡಲ್ ಪ್ರಕಾಶನವು ಆ ಪುಸ್ತಕಕ್ಕಾಗಿ ಆಕೆ ಕೈಯಾರೆ ಅಂಟಿಸಿ ಕಟ್ಟಿದ ಮೂಲ ಮಾದರಿಯನ್ನೇ ಯಥಾವತ್ತಾಗಿ ಅಚ್ಚು ಮಾಡಿತು. 2022ರಲ್ಲಿ ಆಕೆಗೆ ಛಾಯಾಗ್ರಹಣದ ದೊಡ್ಡ ಗೌರವವಾದ ಹ್ಯಾಸೆಲ್‌ಬ್ಲಾಡ್ ಪ್ರಶಸ್ತಿ ಬಂದಾಗ ಜಾಕಿರ್ ಇನ್ನೂ ನಮ್ಮೊಡನಿದ್ದರು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡ ಸುದ್ದಿ ತಿಳಿದ ದಿನ ನಾನು ಆ ಚಿತ್ರಗಳನ್ನೇ ತೆಗೆದು ನೋಡುತ್ತ ಕುಳಿತಿದ್ದೆ.

ನಿಮ್ಮ ಕೈಯಲ್ಲಿ ಆರು ಚಳಿಗಾಲಗಳಿಲ್ಲ, ಒಂದು ವರ್ಷವಿದೆ. ಅದರಲ್ಲಿ ಮೊದಲ ತಿಂಗಳನ್ನು ಕ್ಯಾಮೆರಾ ಇಲ್ಲದೆ ಕಳೆಯಿರಿ.

ಕಪ್ಪುಬಿಳುಪು (ನ್ಯೂಜೆರ್ಸಿ) ಅವರ ಉತ್ತರ

ಮೇಲಿನ ಉತ್ತರವನ್ನು ಗೌರವಿಸುತ್ತೇನೆ, ಆದರೆ ಸ್ಟುಡಿಯೋದಂಥ ಖಾಲಿ ಕೋಣೆಯಲ್ಲಿ ನಿಜವಾದ ಮುಖ ಸಿಗದು ಎಂಬ ತೀರ್ಮಾನಕ್ಕೆ ನೀವು ಬರಬಾರದು. 1975ರಲ್ಲಿ ಅಮೆರಿಕದ ರಾಕ್ ಗಾಯಕಿ ಪ್ಯಾಟಿ ಸ್ಮಿತ್ ಅವರ ಮೊದಲ ಆಲ್ಬಂ 'ಹಾರ್ಸಸ್'ಗೆ ಛಾಯಾಗ್ರಾಹಕ ರಾಬರ್ಟ್ ಮೇಪಲ್‌ಥಾರ್ಪ್ ತೆಗೆದ ಚಿತ್ರದಲ್ಲಿ ಒಂದು ಬಿಳಿ ಗೋಡೆ, ಕಿಟಕಿಯ ಬೆಳಕು, ಬಿಳಿ ಅಂಗಿ, ಹೆಗಲ ಮೇಲೆ ಹಾಕಿಕೊಂಡ ಕಪ್ಪು ಕೋಟು, ಇವಿಷ್ಟೇ ಇವೆ. ವಾದ್ಯವಿಲ್ಲ, ಮೈಕ್ ಇಲ್ಲ. ಆ ದಿನ ತೆಗೆದದ್ದು ಸುಮಾರು 12 ಚಿತ್ರಗಳಷ್ಟೇ, ಎಂಟನೆಯದರ ಹೊತ್ತಿಗೇ ಚಿತ್ರ ಸಿಕ್ಕಿತೆಂದು ರಾಬರ್ಟ್ ಹೇಳಿದರು ಎಂದು ಪ್ಯಾಟಿ ನೆನೆಯುತ್ತಾರೆ. ಧ್ವನಿಮುದ್ರಣ ಕಂಪನಿಯವರು ಚಿತ್ರವನ್ನು ತಿದ್ದಲು ಬಯಸಿದಾಗ ಆಕೆ ಒಪ್ಪಲಿಲ್ಲ. ತನ್ನ ಜೊತೆಗಾರನ ಚಿತ್ರವನ್ನು ತನ್ನ ಹಾಡಿನಷ್ಟೇ ಗಟ್ಟಿಯಾಗಿ ಕಾಯ್ದುಕೊಂಡ ಆ ನಿಲುವು ನನಗೆ ಚಿತ್ರದಷ್ಟೇ ಮುಖ್ಯವೆನಿಸುತ್ತದೆ.

ಆದರೂ ವಿಲಂಬಿತ ಅವರ ಮಾತಿಗೆ ಇದು ವಿರುದ್ಧವಲ್ಲವೆಂದು ಬರೆಯುತ್ತಿರುವಾಗಲೇ ಹೊಳೆಯುತ್ತಿದೆ. ಅವರಿಬ್ಬರ ಪರಿಚಯವಾದದ್ದು 1967ರಲ್ಲಿ, ಇಬ್ಬರ ಹೆಸರೂ ಯಾರಿಗೂ ತಿಳಿಯದಿದ್ದ ಕಾಲದಲ್ಲಿ. ಆ 12 ಚಿತ್ರಗಳ ಹಿಂದೆ ಎಂಟು ವರ್ಷಗಳ ಒಡನಾಟವಿತ್ತು. ನಿಮ್ಮ ಬೂದು ಹಿನ್ನೆಲೆಯನ್ನು ಈಗಲೇ ಕೈಬಿಡಬೇಡಿ. ವರ್ಷದ ಕೊನೆಗೆ ಅದೇ ಗೋಡೆಯೆದುರು ಅವರನ್ನು ಮತ್ತೊಮ್ಮೆ ಕೂರಿಸಿ ನೋಡಿ.

ಷಡ್ಜ (ಮೈಸೂರು) ಅವರ ಉತ್ತರ

ನಾನು ಪಿಟೀಲು ವಾದಕಿ, ಆದ್ದರಿಂದ ಕ್ಯಾಮೆರಾದ ಎದುರಿಗಿರುವವರ ಕಡೆಯಿಂದ ಹೇಳುತ್ತೇನೆ. ಚಿತ್ರ ತೆಗೆಯುವಾಗ ನುಡಿಸಿದಂತೆ ನಟಿಸಿರಿ ಎಂದು ಕೇಳುವುದು ನಮಗೆ ಬಹಳ ಕಷ್ಟವಾಗುತ್ತದೆ. ಸ್ವರ ಹೊರಡದ ಬಿಲ್ಲನ್ನು ತಂತಿಯ ಮೇಲೆ ಹಿಡಿದು ಕೂತಾಗ ಕೈ ಎಲ್ಲಿರಬೇಕೆಂಬುದೇ ಮರೆತುಹೋಗುತ್ತದೆ, ಮುಖವಂತೂ ಖಾಲಿಯಾಗುತ್ತದೆ. ನಿಮ್ಮ ನೆರೆಯವರು ಸ್ಟುಡಿಯೋದಲ್ಲಿ ನಿಜವಾಗಿ ನುಡಿಸಿದರೋ ಇಲ್ಲವೋ ನೀವು ಬರೆದಿಲ್ಲ. ನುಡಿಸದಿದ್ದರೆ ಆ ಮುಗುಳ್ನಗೆಗೆ ಅದೇ ಕಾರಣವಿರಬಹುದು.

ಶಬ್ದದ ಬಗ್ಗೆಯೂ ಎಚ್ಚರವಿರಲಿ. ಒಮ್ಮೆ ನಾನು ಆಲಾಪನೆಯಲ್ಲಿ ಮೇಲಿನ ಷಡ್ಜಕ್ಕೆ ಮುಟ್ಟುವ ಕ್ಷಣದಲ್ಲೇ ಮುಂದಿನ ಸಾಲಿನಿಂದ ಶಟರ್ ಏಳೆಂಟು ಸಲ ಬಡಿಯಿತು, ಆ ಸಂಜೆ ರಾಗ ಮತ್ತೆ ಕೈಗೆ ಬರಲೇ ಇಲ್ಲ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಇದ್ದರೂ ಆಲಾಪ ನಡೆಯುವಾಗ ಕಾಯಿರಿ. ಆಲಾಪದ ನಂತರ ಲಯ ಮೂಡುವ ಜೋಡ್ ಮುಗಿದು, ವೇಗದ ಝಾಲಾ ಬರುವ ಹೊತ್ತಿಗೆ ಅವರು ನಿಮ್ಮನ್ನು ಮರೆತಿರುತ್ತಾರೆ. ನುಡಿಸಿ ಮುಗಿಸಿದ ಮೇಲಿನ ಒಂದು ನಿಮಿಷವನ್ನೂ ಬಿಡಬೇಡಿ. ಮಿಜ್ರಾಬ್ (ತಂತಿ ಮೀಟಲು ಬೆರಳಿಗೆ ತೊಡುವ ತಂತಿಯುಂಗುರ) ಕಳಚುವ, ತಂತಿ ಎಳೆದೆಳೆದು ಗೆರೆಬಿದ್ದ ಬೆರಳ ತುದಿಯನ್ನು ತಿಕ್ಕಿಕೊಳ್ಳುವ ಆ ಹೊತ್ತಿನಲ್ಲಿ ನಾವು ಯಾರಿಗಾಗಿಯೂ ಮುಖ ಮಾಡಿಕೊಂಡಿರುವುದಿಲ್ಲ.

ವಿಲಂಬಿತ ಅವರ ಮರು ಉತ್ತರ

ಹಕ್ಕಿನ ಪ್ರಶ್ನೆಯನ್ನು ಮರೆತಿದ್ದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರದ ಕರ್ತೃ ಛಾಯಾಗ್ರಾಹಕರೇ. ಆದರೆ 17ನೇ ಕಲಮಿನಂತೆ, ಯಾರಾದರೂ ಹಣ ಕೊಟ್ಟು ಹೇಳಿ ತೆಗೆಸಿದ ಚಿತ್ರದ ಮೊದಲ ಮಾಲೀಕತ್ವ, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರಿಗೆ ಸೇರುತ್ತದೆ. ಆದ್ದರಿಂದ ಹಣದ ಮಾತು ಬರುವ ಮೊದಲೇ ಒಂದು ಪುಟದ ಒಪ್ಪಂದ ಬರೆದುಕೊಳ್ಳಿ. ಮುದ್ರಿಕೆಗೂ ಪ್ರಚಾರಕ್ಕೂ ಅವರು ಬಳಸಬಹುದು, ಪ್ರದರ್ಶನಕ್ಕೂ ಪುಸ್ತಕಕ್ಕೂ ನೀವು ಬಳಸಬಹುದು, ಇಬ್ಬರಲ್ಲಿ ಒಬ್ಬರು ಬೇಡವೆಂದ ಚಿತ್ರ ಹೊರಗೆ ಬರಬಾರದು ಎಂಬಿಷ್ಟು ಅದರಲ್ಲಿದ್ದರೆ ಸಾಕು.

ನೆರಳುಬೆಳಕು

ಎಲ್ಲರಿಗೂ ಕೃತಜ್ಞತೆಗಳು. ಷಡ್ಜ ಅವರ ಊಹೆ ಸರಿಯಾಗಿದೆ: ತಂತಿಯ ಸದ್ದು ಬೇಡ, ಕೈ ಮಾತ್ರ ಇಟ್ಟುಕೊಳ್ಳಿ ಎಂದು ನಾನೇ ಹೇಳಿದ್ದೆ. ನಿನ್ನೆ ಅವರೊಡನೆ ಮಾತನಾಡಿದೆ. ಸೋಮವಾರದಿಂದ ಬೆಳಿಗ್ಗೆ ಐದಕ್ಕೆ ಬರಿಗೈಯಲ್ಲಿ ಹೋಗಿ ಕೂರಲು ಒಪ್ಪಿದ್ದಾರೆ. ಮುಂದೆ ಕ್ಯಾಮೆರಾ ಒಯ್ಯುವಾಗ ಒಂದು ತೊಡಕಿದೆ. ಆ ಕೋಣೆಯಲ್ಲಿರುವುದು ಹಳೆಯ ಟ್ಯೂಬ್‌ಲೈಟ್ ಮಾತ್ರ.

ಕಪ್ಪುಬಿಳುಪು

ಭಾರತದ ವಿದ್ಯುತ್ 50 ಹರ್ಟ್ಸ್ ಆದ್ದರಿಂದ ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ ವೇಗವನ್ನು 1/100 ಅಥವಾ 1/50ರಲ್ಲಿ ಇಟ್ಟರೆ ಚಿತ್ರದಲ್ಲಿ ಪಟ್ಟೆಗಳು ಮೂಡುವುದಿಲ್ಲ. 1/50ರಲ್ಲಿ ಬಲಗೈ ಸ್ವಲ್ಪ ಮಸುಕಾಗುತ್ತದೆ, ಆದರೆ ಮೀಂಡಿನ ಕೊನೆಯ ಸ್ವರವನ್ನು ಕೇಳುತ್ತ ನಿಂತ ಮುಖ ಅಲುಗುವುದಿಲ್ಲ.