ಸದನದಲ್ಲಿ ಪ್ರಶ್ನೆ ಕೇಳಿ ಉತ್ತರ ಪಡೆದರೆ ಸರ್ಕಾರ ಹೊಣೆ ಹೊತ್ತಂತೆ ಆಗುತ್ತದೆಯೇ?

ಪ್ರಶ್ನೆ: ಮಾಜಿ ಪಂಚಾಯಿತಿ ಸದಸ್ಯೆ, ಹೊಸನಗರ ತಾಲ್ಲೂಕು

ನಾನು ಒಂದು ಅವಧಿಗೆ ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದವಳು. ನಮ್ಮ ಕಡೆಯ ಹನ್ನೊಂದು ಮನೆಗಳಿಗೂ ಶಾಲೆಗೂ ನಡುವೆ ಒಂದು ಹಳ್ಳವಿದೆ. ಎರಡು ಅಡಿಕೆ ಮರಗಳನ್ನು ಅಡ್ಡ ಹಾಕಿ, ಒಂದು ಬದಿಗೆ ಹಿಡಿದುಕೊಳ್ಳಲು ಬಿದಿರು ಕಟ್ಟಿದ ಸಂಕವೇ ಮಳೆಗಾಲದಲ್ಲಿ ನಮ್ಮ ದಾರಿ. ಪ್ರತಿ ವರ್ಷ ಮೇ ತಿಂಗಳಲ್ಲಿ ಊರವರೇ ಸೇರಿ ಅದನ್ನು ಹೊಸದಾಗಿ ಹಾಕುತ್ತೇವೆ. ಪುಷ್ಯ ಮಳೆಯ ಹೊತ್ತಿಗೆ ಮರ ಪಾಚಿಗಟ್ಟಿ ಕಾಲು ನಿಲ್ಲದಂತಾಗುತ್ತದೆ. ಹಳ್ಳ ತುಂಬಿದ ದಿನ ಮಕ್ಕಳು ಮನೆಯಲ್ಲೇ ಉಳಿಯುತ್ತಾರೆ.

ಗ್ರಾಮಸಭೆಯಲ್ಲಿ ನಾಲ್ಕು ಬಾರಿ ನಿರ್ಣಯ ಮಾಡಿದೆವು. ಪಂಚಾಯಿತಿಯಲ್ಲಿ ಅಷ್ಟು ಹಣವಿಲ್ಲ ಎಂದರು, ತಾಲ್ಲೂಕಿನವರು ಜಿಲ್ಲೆಯ ಕಡೆ ಕೈ ತೋರಿಸಿದರು, ಜಿಲ್ಲೆಯವರು ಬೆಂಗಳೂರಿನಿಂದ ಮಂಜೂರಾತಿ ಬರಬೇಕೆಂದರು. ಕೊನೆಗೆ ಶಾಸಕರೊಬ್ಬರು ವಿಧಾನಸಭೆಯಲ್ಲಿ ಮಲೆನಾಡಿನ ಕಾಲುಸಂಕಗಳ ಬಗ್ಗೆ ಪ್ರಶ್ನೆ ಹಾಕಿದರು. ಉತ್ತರದ ಪ್ರತಿ ನನ್ನಲ್ಲಿದೆ. ಎಡ ಬದಿಯಲ್ಲಿ ‘ಸಮಸ್ಯೆಯು ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂದಿದೆ, ಬಲ ಬದಿಯಲ್ಲಿ ‘ಬಂದಿದೆ’ ಎಂದಿದೆ. ಕೆಳಗೆ ‘ಬಂದಿದ್ದಲ್ಲಿ, ಸರ್ಕಾರ ಕೈಗೊಂಡ ಕ್ರಮಗಳೇನು?’ ಎಂಬುದಕ್ಕೆ ‘ಅನುದಾನದ ಲಭ್ಯತೆಗೆ ಅನುಗುಣವಾಗಿ ಹಂತ ಹಂತವಾಗಿ ಕ್ರಮ ಕೈಗೊಳ್ಳಲಾಗುವುದು’ ಎಂದಿದೆ. ಆ ಹಾಳೆ ಬಂದ ಮೇಲೆ ಮೂರು ಸಲ ಸಂಕ ಹಾಕಿದ್ದೇವೆ.

ಅಧಿಕಾರವು ಕೇಂದ್ರದಿಂದ ರಾಜ್ಯಕ್ಕೆ, ರಾಜ್ಯದಿಂದ ಪಂಚಾಯಿತಿಗಳಿಗೆ ಹಂಚಿಹೋಗಿರುವಾಗ, ಶಾಸಕರು ಸರ್ಕಾರವನ್ನು ನಿಜವಾಗಿ ಹೊಣೆ ಮಾಡುವುದು ಯಾವ ದಾರಿಯಿಂದ? ಈ ಉತ್ತರದ ಆಚೆಗೆ ಏನಾದರೂ ಇದೆಯೇ, ಇಲ್ಲ ಇದೇ ಕೊನೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಉತ್ತರ 1: ಶಾಸಕರ ಆಪ್ತ ಸಹಾಯಕನಾಗಿದ್ದವನು, ಶಿವಮೊಗ್ಗ

ಮೇಡಂ, ನಿಮ್ಮ ಕೈಯಲ್ಲಿರುವ ಹಾಳೆ ಕೊನೆಯಲ್ಲ, ಅಲ್ಲಿಂದಲೇ ಕೆಲಸ ಶುರುವಾಗಬೇಕಿತ್ತು. ನಾನು ಹಲವು ವರ್ಷ ಇಂಥ ಪ್ರಶ್ನೆಗಳ ಕರಡು ಬರೆದವನು, ಆದ್ದರಿಂದ ಮೊದಲ ತಪ್ಪು ಪ್ರಶ್ನೆಯಲ್ಲೇ ಇದೆ ಎಂದು ಹೇಳಬಲ್ಲೆ. ‘ಗಮನಕ್ಕೆ ಬಂದಿದೆಯೇ’ ಎಂದು ಕೇಳಿದರೆ ‘ಬಂದಿದೆ’ ಎಂಬ ಒಂದೇ ಪದದಲ್ಲಿ ಇಲಾಖೆ ಪಾರಾಗುತ್ತದೆ. ತಾಲ್ಲೂಕಿನಲ್ಲಿ ಎಷ್ಟು ಕಾಲುಸಂಕಗಳನ್ನು ಗುರುತಿಸಲಾಗಿದೆ, ಯಾವ ಲೆಕ್ಕಶೀರ್ಷಿಕೆಯಲ್ಲಿ (ಬಜೆಟ್ಟಿನಲ್ಲಿ ಹಣ ತೋರಿಸುವ ಬಾಬ್ತು) ಎಷ್ಟು ಹಣ ಒದಗಿಸಲಾಗಿದೆ, ಅದರಲ್ಲಿ ಎಷ್ಟು ಖರ್ಚಾಗಿದೆ, ಬಾಕಿ ಕಾಮಗಾರಿ ಯಾವ ತಿಂಗಳಿಗೆ ಮುಗಿಯುತ್ತದೆ ಎಂದು ಕೇಳಿದ್ದರೆ ಉತ್ತರದಲ್ಲಿ ಅಂಕಿ ಬರಲೇಬೇಕಿತ್ತು. ಅಂಕಿ ಒಮ್ಮೆ ಸದನದ ಕಡತ ಸೇರಿತೆಂದರೆ ಮುಂದಿನ ಅಧಿವೇಶನದಲ್ಲಿ ಅದನ್ನೇ ಹಿಡಿದು ಮತ್ತೆ ಕೇಳಬಹುದು.

ಎರಡನೆಯದು, ಪ್ರಶ್ನೆಯ ಬಗೆ. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ ಸಿಗುತ್ತದೆ. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಸಚಿವರು ಎದ್ದು ನಿಂತು ಹೇಳಬೇಕು, ಶಾಸಕರು ಉಪಪ್ರಶ್ನೆ ಕೇಳಬಹುದು. ಸಚಿವರ ಕೈಯಲ್ಲಿರುವ ಟಿಪ್ಪಣಿ ಮುಗಿದ ಮೇಲೆ ಬರುವ ಆ ಉಪಪ್ರಶ್ನೆಯಲ್ಲೇ ಇಲಾಖೆಯ ನಿಜವಾದ ತಯಾರಿ ಎಷ್ಟೆಂದು ತಿಳಿಯುವುದು. ಇದಲ್ಲದೆ ವಿಧಾನಸಭೆಯಲ್ಲಿ ನಿಯಮ 73ರಡಿ ಗಮನ ಸೆಳೆಯುವ ಸೂಚನೆ, ನಿಯಮ 69ರಡಿ ಚರ್ಚೆ, ತುರ್ತು ಸಂದರ್ಭದಲ್ಲಿ ಸದನದ ಬೇರೆ ಕೆಲಸ ನಿಲ್ಲಿಸಿ ಚರ್ಚಿಸಲು ಕೋರುವ ನಿಯಮ 60ರ ನಿಲುವಳಿ ಸೂಚನೆ ಇವೆ. ಪತ್ರಿಕೆಗಳಲ್ಲಿ ಹೆಸರು ಬರುವುದು ನಿಲುವಳಿ ಸೂಚನೆಗೆ. ನಿಮ್ಮಂಥ ವಿಷಯಕ್ಕೆ ಅದರಿಂದ ದೊಡ್ಡ ಪ್ರಯೋಜನವಿಲ್ಲ.

ನಾನು ಹೆಚ್ಚು ಬೆಲೆ ಕೊಡುವುದು ಹೊರಗೆ ಯಾರಿಗೂ ಹೆಚ್ಚು ಪರಿಚಯವಿಲ್ಲದ ಸರ್ಕಾರಿ ಭರವಸೆಗಳ ಸಮಿತಿಗೆ. ಸಚಿವರು ಸದನದಲ್ಲಿ ‘ಕ್ರಮ ಕೈಗೊಳ್ಳಲಾಗುವುದು’ ಎಂದರೆ ಅದು ಬರೀ ಮಾತಲ್ಲ, ಸದನಕ್ಕೆ ಕೊಟ್ಟ ಭರವಸೆ. ಅದು ಈಡೇರಿದೆಯೇ ಎಂದು ನೋಡುವುದೇ ಈ ಸಮಿತಿಯ ಕೆಲಸ, ಅದಕ್ಕಾಗಿ ಇಲಾಖೆಯ ಕಾರ್ಯದರ್ಶಿಯನ್ನೇ ಕರೆಸಬಹುದು. ಶಾಸಕರು ಪ್ರಶ್ನೆ ಸಂಖ್ಯೆ ಮತ್ತು ದಿನಾಂಕ ಬರೆದು ಸಮಿತಿಯ ಅಧ್ಯಕ್ಷರಿಗೆ ಪತ್ರ ಕೊಡಲಿ. ನಿಮ್ಮ ಕಡೆಯವರೇ ಸಹಿ ಮಾಡಿದ ಅರ್ಜಿಯನ್ನು ಶಾಸಕರ ಮೂಲಕ ಸದನಕ್ಕೆ ಒಪ್ಪಿಸಿ, ಅರ್ಜಿಗಳ ಸಮಿತಿಯ ಮುಂದೆ ತರುವ ದಾರಿಯೂ ಇದೆ. ಹಣ ಖರ್ಚಾದ ಮೇಲಿನ ವಿಚಾರಣೆ ಸಾರ್ವಜನಿಕ ಲೆಕ್ಕಪತ್ರ ಸಮಿತಿಯದು. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರ (ಸಿಎಜಿ) ವರದಿಯನ್ನು ಹಿಡಿದು ಅದು ಕೆಲಸ ಮಾಡುತ್ತದೆ, ಅದರ ಅಧ್ಯಕ್ಷ ಸ್ಥಾನ ವಿರೋಧ ಪಕ್ಷಕ್ಕೆ ಹೋಗುವುದು ವಾಡಿಕೆ. ಆದರೆ ವರದಿ ಬಂದು ವಿಚಾರಣೆ ಮುಗಿಯುವಷ್ಟರಲ್ಲಿ ಹಲವು ಮಳೆಗಾಲ ಕಳೆದಿರುತ್ತವೆ.

ಉತ್ತರ 2: ಸಾಗರ ಸೀಮೆಯವನು, ಈಗ ಬೆಲ್‌ಫಾಸ್ಟ್‌ನಲ್ಲಿ

ಮೇಲಿನವರು ವಿಧಾನಗಳನ್ನು ಚೆನ್ನಾಗಿ ಬಿಡಿಸಿಟ್ಟಿದ್ದಾರೆ. ಅಧಿಕಾರ ಹಂಚಿಹೋದಾಗ ಹೊಣೆ ಎಲ್ಲಿ ಸೋರಿಹೋಗುತ್ತದೆ ಎಂಬುದಕ್ಕೆ ನಾನಿರುವ, ಯುನೈಟೆಡ್ ಕಿಂಗ್‌ಡಮ್‌ನ ಭಾಗವಾದ ಉತ್ತರ ಐರ್ಲೆಂಡಿನಲ್ಲೇ ಒಂದು ದೊಡ್ಡ ಪಾಠವಿದೆ, ಅದನ್ನು ಹೇಳಬೇಕೆನಿಸಿತು. ಇಲ್ಲಿನ ವಿಧಾನಸಭೆ 1998ರ ಶುಭ ಶುಕ್ರವಾರದ (ಗುಡ್ ಫ್ರೈಡೇ) ಶಾಂತಿ ಒಪ್ಪಂದದಿಂದ ಹುಟ್ಟಿದ್ದು. ಆರೋಗ್ಯ, ಶಿಕ್ಷಣ, ಕೃಷಿ ಇವೆಲ್ಲ ಇಲ್ಲಿನ ಸರ್ಕಾರದ ಕೈಯಲ್ಲಿವೆ. ಹಣದ ಬಹುಪಾಲು ಲಂಡನ್ನಿನಿಂದ ಬರುತ್ತದೆ.

2012ರಲ್ಲಿ ಇಲ್ಲಿನ ಸರ್ಕಾರ, ಎಣ್ಣೆ ಮತ್ತು ಅನಿಲದ ಬದಲು ಮರದ ಪುಡಿಯ ಗುಳಿಗೆ ಉರಿಸುವ ಬಾಯ್ಲರ್ ಹಾಕಿಸುವ ವ್ಯಾಪಾರಿಗಳಿಗೂ ಕೃಷಿಕರಿಗೂ 20 ವರ್ಷ ಪ್ರೋತ್ಸಾಹಧನ ಕೊಡುವ ಯೋಜನೆ ತಂದಿತು. ನಮ್ಮ ಅಡಿಕೆ ಬೇಯಿಸುವ ಒಲೆಯನ್ನು ನೆನೆದುಕೊಳ್ಳಿ. ಕೊಯ್ಲಿನ ಕಾಲದಲ್ಲಿ ಹಂಡೆ ಕುದಿಯುವಾಗ ಒಂದು ಕುಂಟೆ ಹೆಚ್ಚು ಬಿದ್ದರೂ ಮನೆಯ ಹಿರಿಯರು ಗದರುತ್ತಾರೆ, ಏಕೆಂದರೆ ಸೌದೆ ಅವರದು. ಸುಟ್ಟ ಸೌದೆಯ ಬೆಲೆಗಿಂತ ಹೆಚ್ಚು ಹಣ ಯಾರಾದರೂ ಕೈಗಿಡುತ್ತಾರೆ ಎಂದಾದರೆ ಒಲೆ ಆರಿಸುವವರು ಯಾರು? ಇಲ್ಲಿ ಆದದ್ದು ಅದೇ. ಇಂಧನದ ಖರ್ಚಿಗಿಂತ ಪ್ರೋತ್ಸಾಹಧನದ ದರ ಹೆಚ್ಚಿತ್ತು. ಬ್ರಿಟನ್ನಿನ ಇಂಥದೇ ಯೋಜನೆಯಲ್ಲಿ ಒಂದು ಮಿತಿ ದಾಟಿದ ಬಳಕೆಗೆ ದರ ಇಳಿಯುತ್ತಿತ್ತು. ಇಲ್ಲಿನ ನಿಯಮಗಳಲ್ಲಿ ಆ ಷರತ್ತನ್ನೇ ಬಿಟ್ಟಿದ್ದರು.

ಕರಡು ನಿಯಮಗಳು ವಿಧಾನಸಭೆಯ ಇಲಾಖಾ ಸಮಿತಿಯ ಮುಂದೆ ಬಂದಿದ್ದವು, ದೊಡ್ಡ ತಕರಾರಿಲ್ಲದೆ ದಾಟಿಹೋದವು. 2013ರಲ್ಲಿ ಒಬ್ಬ ಸಾಮಾನ್ಯ ಮಹಿಳೆ, ಇಂಧನ ಉಳಿಸುವ ಉಪಕರಣಗಳನ್ನು ಮಾರಲು ಹೊರಟಿದ್ದವರು, ಜನ ಬೇಕೆಂದೇ ಹೆಚ್ಚು ಉರಿಸುತ್ತಿದ್ದಾರೆ ಎಂದು ಸಚಿವರಿಗೂ ಇಲಾಖೆಗೂ ತಿಳಿಸಿದರು. ಆ ಮಾತನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ದರ ಇಳಿಸುವ ಸುದ್ದಿ ಹರಡಿದ ಮೇಲೆ 2015ರ ಕೊನೆಯಲ್ಲಿ ಅರ್ಜಿಗಳು ರಾಶಿ ಬಿದ್ದವು. 2016ರ ಫೆಬ್ರುವರಿಯಲ್ಲಿ ಹೊಸ ಅರ್ಜಿಗಳಿಗೆ ಯೋಜನೆಯನ್ನು ಮುಚ್ಚಿದರು. ಆ ಬೇಸಿಗೆಯಲ್ಲಿ ಲೆಕ್ಕಪರಿಶೋಧಕರ ವರದಿ ಬಂತು, ಸಾರ್ವಜನಿಕ ಲೆಕ್ಕಪತ್ರ ಸಮಿತಿ ಅಧಿಕಾರಿಗಳನ್ನು ಒಬ್ಬೊಬ್ಬರಾಗಿ ಕೂರಿಸಿ ಕೇಳಿತು, ಹೆಚ್ಚುವರಿ ವೆಚ್ಚ 20 ವರ್ಷಗಳಲ್ಲಿ 49 ಕೋಟಿ ಪೌಂಡ್ ಆಗಬಹುದೆಂಬ ಅಂದಾಜು ಹೊರಬಿತ್ತು. ಯೋಜನೆ ಜಾರಿಯಾದಾಗ ಇಲಾಖೆಯ ಸಚಿವೆಯಾಗಿದ್ದ ಆರ್ಲಿನ್ ಫಾಸ್ಟರ್ ಅಷ್ಟರಲ್ಲಿ ಸರ್ಕಾರದ ಮುಖ್ಯಸ್ಥೆಯಾಗಿದ್ದರು. 2017ರ ಜನವರಿಯಲ್ಲಿ, ಸರ್ಕಾರದಲ್ಲಿ ಅವರಷ್ಟೇ ಅಧಿಕಾರವಿದ್ದ ಉಪಮುಖ್ಯಸ್ಥ ಮಾರ್ಟಿನ್ ಮೆಗಿನಿಸ್ ರಾಜೀನಾಮೆ ಕೊಟ್ಟು ಸರ್ಕಾರ ಬಿತ್ತು. ಮೂರು ವರ್ಷ ವಿಧಾನಸಭೆ ಕೂಡಲಿಲ್ಲ. ನಿವೃತ್ತ ನ್ಯಾಯಮೂರ್ತಿ ಪ್ಯಾಟ್ರಿಕ್ ಕಾಗ್ಲಿನ್ ಅವರ ವಿಚಾರಣಾ ವರದಿ 2020ರ ಮಾರ್ಚ್‌ನಲ್ಲಿ ಬಂತು. ಅವರು ಕಂಡದ್ದು ಲಂಚಗುಳಿತನವಲ್ಲ. ಒಂದರ ಮೇಲೊಂದು ಪೇರಿಸಿಕೊಂಡ ತಪ್ಪುಗಳು, ಯಾರೂ ಓದದ ಕಡತಗಳು.

ನನ್ನನ್ನು ಹೆಚ್ಚು ಕಾಡಿದ ಸಂಗತಿ ಇನ್ನೊಂದಿದೆ. ಹಣವನ್ನೆಲ್ಲ ಲಂಡನ್ನೇ ಕೊಡುತ್ತದೆ ಎಂಬ ನಂಬಿಕೆ ಅಧಿಕಾರಿಗಳಲ್ಲೂ ರಾಜಕಾರಣಿಗಳಲ್ಲೂ ಇತ್ತು. ವಾಸ್ತವದಲ್ಲಿ ಅದಕ್ಕೊಂದು ಮಿತಿಯಿತ್ತು, ಮಿತಿ ಮೀರಿದ್ದು ಇಲ್ಲಿನ ಆಸ್ಪತ್ರೆ, ಶಾಲೆಗಳ ಪಾಲಿನಿಂದಲೇ ಹೋಗಬೇಕಿತ್ತು. ‘ಅದು ಕೇಂದ್ರದ ದುಡ್ಡು, ಬಂದಷ್ಟು ಬರಲಿ’ ಎಂಬ ಮಾತನ್ನು ನಮ್ಮ ಊರಿನ ಪಂಚಾಯಿತಿ ಕಟ್ಟೆಯಲ್ಲೂ ನಾನು ಕೇಳಿದ್ದೇನೆ. ಹಣ ಕೊಡುವವರು ಒಬ್ಬರು, ಖರ್ಚು ಮಾಡುವವರು ಇನ್ನೊಬ್ಬರು ಆದಾಗ ಲೆಕ್ಕ ಕೇಳಬೇಕಾದ ಸದಸ್ಯರು ಎಚ್ಚರ ತಪ್ಪುತ್ತಾರೆ. ನಿಮ್ಮ ಸಂಕದ ವಿಷಯದಲ್ಲಿ ಮೂರು ಹಂತದವರೂ ಮೇಲಕ್ಕೆ ಕೈ ತೋರಿಸಿದ್ದರ ಮೂಲವೂ ಇದೇ ಎಂದು ನನ್ನ ಎಣಿಕೆ.

ಉತ್ತರ 3: ರಾಜ್ಯಶಾಸ್ತ್ರ ಉಪನ್ಯಾಸಕ, ತೀರ್ಥಹಳ್ಳಿ

ಮೊದಲ ಉತ್ತರದ ಒಂದು ಅಂಶಕ್ಕೆ ನನ್ನ ಭಿನ್ನಾಭಿಪ್ರಾಯವಿದೆ. ಪ್ರಶ್ನೆಯ ಭಾಷೆ ತಿದ್ದಿದರೆ ಅರ್ಧ ಕೆಲಸವಾಯಿತು ಎಂಬಂತೆ ಅವರು ಬರೆದಿದ್ದಾರೆ. ಕೇಳುವವರ ಸ್ಥಿತಿಯನ್ನೂ ನೋಡಬೇಕು. ನಮ್ಮ ಶಾಸಕರು ತಾಲ್ಲೂಕಿನ ಅಭಿವೃದ್ಧಿ ಕೆಲಸಗಳ ಪ್ರಗತಿ ನೋಡುವ ಕೆಡಿಪಿ ಸಭೆಯ ಅಧ್ಯಕ್ಷರು. ಕ್ಷೇತ್ರದ ಕಾಮಗಾರಿಗಳಿಗೆ ಸಚಿವರ ಬಳಿ ಅನುದಾನ ಕೇಳಬೇಕಾದವರೂ ಅವರೇ. ಬೆಳಿಗ್ಗೆ ರಸ್ತೆಗೆ ಹಣ ಕೊಡಿ ಎಂದು ಸಚಿವರ ಕೊಠಡಿಯಲ್ಲಿ ಕಾದು ಕುಳಿತವರು ಮಧ್ಯಾಹ್ನ ಅದೇ ಸಚಿವರನ್ನು ಸದನದಲ್ಲಿ ಇಕ್ಕಟ್ಟಿಗೆ ಸಿಲುಕಿಸುವುದು ಕಷ್ಟ. ಆಡಳಿತ ಪಕ್ಷದವರಾದರೆ ಇನ್ನೂ ಕಷ್ಟ. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿಯ ಪ್ರಕಾರ ಪಕ್ಷದ ವಿಪ್ (ಹೀಗೇ ಮತ ಹಾಕಬೇಕೆಂಬ ಆದೇಶ) ಮೀರಿ ಮತ ಹಾಕಿದರೆ ಸದಸ್ಯತ್ವವೇ ಹೋಗಬಹುದು. ಮಂತ್ರಿಮಂಡಲವು ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆಯೆಂದು 164ನೇ ವಿಧಿ ಹೇಳುತ್ತದೆ, ಆದರೆ ಸದನ ಕೂಡದೆ ಆ ಹೊಣೆಗೆ ಅರ್ಥವಿಲ್ಲ. ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಯಬೇಕೆಂದು ಕರ್ನಾಟಕವೇ 2005ರಲ್ಲಿ ಕಾಯ್ದೆ ಮಾಡಿಕೊಂಡಿದೆ, ಆ ಸಂಖ್ಯೆ ಮುಟ್ಟಿದ ವರ್ಷಗಳು ವಿರಳ. ಇದು ನನಗೆ ತೀರಾ ನೋವಿನ ವಿಷಯ.

ನಮ್ಮ ತಾಲ್ಲೂಕಿನಲ್ಲಿ ಇದಕ್ಕೆ ಬೇರೆಯದೇ ಪರಂಪರೆಯಿತ್ತು. ಆರಗದ ಶಾಂತವೇರಿ ಗೋಪಾಲಗೌಡರು ಗೇಣಿದಾರರು ನಡೆಸಿದ 1951ರ ಕಾಗೋಡು ಸತ್ಯಾಗ್ರಹದಿಂದ ಎದ್ದುಬಂದು 1952ರಲ್ಲಿ ಶಾಸಕರಾದರು, ಮುಂದೆ 1962 ಮತ್ತು 1967ರಲ್ಲೂ ಗೆದ್ದರು. ಮೊದಲ ಅವಧಿಯಲ್ಲಿ ಅವರೆದುರು ಕಂದಾಯ ಸಚಿವರಾಗಿ ಕುಳಿತವರು ತೀರ್ಥಹಳ್ಳಿ ಸೀಮೆಯವರೇ ಆದ ಕಡಿದಾಳ್ ಮಂಜಪ್ಪನವರು. ಗೇಣಿದಾರನ ಪರವಾಗಿ ಕೇಳಿದವರೂ ಗೇಣಿ ಕಾನೂನಿಗೆ ಉತ್ತರ ಕೊಟ್ಟವರೂ ಒಂದೇ ನೆಲದವರು. ಆಗಿನ ಸದನದ ನಡಾವಳಿಗಳನ್ನು ನನ್ನ ವಿದ್ಯಾರ್ಥಿಗಳಿಗೆ ಓದಿಸುತ್ತೇನೆ. ಗದ್ದೆಯಲ್ಲಿ ನಿಂತು ಕಂಡ ಸಂಗತಿಯನ್ನು ಸದನಕ್ಕೆ ಒಯ್ದವನ ಪ್ರಶ್ನೆಗೆ ಬೇರೆಯೇ ತೂಕವಿರುತ್ತದೆ ಎಂಬುದು ಅವರಿಗೆ ತಾನಾಗಿಯೇ ಕಾಣಿಸುತ್ತದೆ.

ಇನ್ನು ಮಧ್ಯದ ಹಂತವೇ ಖಾಲಿಯಾಗಿರುವುದನ್ನು ಯಾರೂ ಪ್ರಸ್ತಾಪಿಸಿಲ್ಲ. ಸಂವಿಧಾನದ 73ನೇ ತಿದ್ದುಪಡಿಯ ಹನ್ನೊಂದನೇ ಅನುಸೂಚಿಯು ಪಂಚಾಯಿತಿಗಳಿಗೆ ಕೊಡಬಹುದಾದ 29 ವಿಷಯಗಳನ್ನು ಪಟ್ಟಿ ಮಾಡಿದೆ. ರಸ್ತೆ, ಮೋರಿ, ಸೇತುವೆ ಅದರಲ್ಲೇ ಇವೆ. ಅದಕ್ಕೂ ಮೊದಲು, 1983ರ ಕಾಯ್ದೆಯಿಂದ, ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬರು ಜಿಲ್ಲಾ ಪರಿಷತ್ತುಗಳನ್ನು ಕಟ್ಟಿದ ರಾಜ್ಯ ನಮ್ಮದು. ಅಂಥ ರಾಜ್ಯದಲ್ಲಿ 2021ಕ್ಕೆ ಅವಧಿ ಮುಗಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯಾಗದೆ ಆಡಳಿತಾಧಿಕಾರಿಗಳೇ ನಡೆಸುವಂತಾಯಿತು. ನಿಮ್ಮ ಅರ್ಜಿ ಜಿಲ್ಲೆಗೆ ಹೋದಾಗ ಅಲ್ಲಿ ಚುನಾಯಿತ ಸದಸ್ಯರೊಬ್ಬರು ಎದ್ದು ‘ಈ ಕಡತ ಏನಾಯಿತು’ ಎಂದು ಕೇಳುವ ಸಭೆಯೇ ಇರಲಿಲ್ಲ. ಶಾಸಕರು ಸರ್ಕಾರವನ್ನು ಮೊದಲು ಹೊಣೆ ಮಾಡಬೇಕಾದದ್ದು ಈ ವಿಷಯದಲ್ಲಿ.

ನಿಮಗೆ ಇನ್ನೊಂದು ದಾರಿಯಿದೆ. ವಿಧಾನ ಪರಿಷತ್ತಿನ 75 ಸದಸ್ಯರಲ್ಲಿ 25 ಮಂದಿಯನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರೇ ಆರಿಸುತ್ತಾರೆ. ನೀವು ಸದಸ್ಯೆಯಾಗಿದ್ದಾಗ ಆ ಚುನಾವಣೆ ನಡೆದಿದ್ದರೆ ನೀವೂ ಮತ ಹಾಕಿರುತ್ತೀರಿ. ಪಂಚಾಯಿತಿಯ ಮತದಿಂದ ಅಲ್ಲಿ ಕುಳಿತವರಿಗೆ ಪಂಚಾಯಿತಿಯ ಕಷ್ಟ ಕೇಳಿಸಬೇಕು.

ಉತ್ತರ 1ರವರು ಮತ್ತೆ

ಉಪನ್ಯಾಸಕರ ಮಾತು ಒಪ್ಪತಕ್ಕದ್ದು. ಅನುದಾನದ ಅಂಜಿಕೆಯಿಂದ ಪ್ರಶ್ನೆಯನ್ನು ಮೆದುಗೊಳಿಸಿ ಬರೆದ ದಿನಗಳು ನನ್ನ ಕೆಲಸದಲ್ಲೂ ಇದ್ದವು. ಆದರೂ ಒಂದು ಮಾತು ಸೇರಿಸುತ್ತೇನೆ. ಪಕ್ಷಾಂತರ ನಿಷೇಧದ ನಿಯಮ ಬಿಗಿಯಾಗಿರುವುದು ಮತದಾನಕ್ಕೆ. ಸಮಿತಿಯ ಕೊಠಡಿಯಲ್ಲಿ ಕ್ಯಾಮೆರಾ ಇರುವುದಿಲ್ಲ, ಗ್ಯಾಲರಿ ಇರುವುದಿಲ್ಲ. ಅಲ್ಲಿ ಆಡಳಿತ ಪಕ್ಷದ ಶಾಸಕರೇ ಅಧಿಕಾರಿಗಳನ್ನು ಖಡಕ್ಕಾಗಿ ಕೇಳಿದ್ದುಂಟು. 2005ರಲ್ಲಿ ರಚನೆಯಾದ ಎ.ಟಿ. ರಾಮಸ್ವಾಮಿಯವರ ಜಂಟಿ ಸದನ ಸಮಿತಿ ಬೆಂಗಳೂರು ಸುತ್ತಲಿನ ಭೂಒತ್ತುವರಿಯನ್ನು ಸರ್ವೆ ನಂಬರುಗಳ ಸಮೇತ ಹೊರಗೆಳೆಯಿತು. ಸಂಕದ ವಿಷಯ ಅಷ್ಟು ದೊಡ್ಡದಲ್ಲದಿರಬಹುದು, ಕೆಲಸದ ಬಗೆ ಮಾತ್ರ ಅದೇ: ಸ್ಥಳ, ಸಂಖ್ಯೆ, ದಿನಾಂಕ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಮನಃಪೂರ್ವಕ ಕೃತಜ್ಞತೆಗಳು. ಬೆಲ್‌ಫಾಸ್ಟಿನ ಅಣ್ಣ ಬರೆದದ್ದನ್ನು ನಮ್ಮ ಸ್ವಸಹಾಯ ಸಂಘದ ಸಭೆಯಲ್ಲಿ ಓದಿ ಹೇಳಿದೆ. ಆ ಮಹಿಳೆ ಮೊದಲೇ ತಿಳಿಸಿದ್ದರೂ ಯಾರೂ ಕೇಳಿಸಿಕೊಳ್ಳಲಿಲ್ಲ ಎಂಬಲ್ಲಿ ಎಲ್ಲರೂ ಒಂದು ಕ್ಷಣ ಸುಮ್ಮನಾದರು.

ಹಳೆಯ ಉತ್ತರದ ಹಾಳೆಯಿಂದ ಪ್ರಶ್ನೆ ಸಂಖ್ಯೆಯನ್ನೂ ದಿನಾಂಕವನ್ನೂ ಬರೆದುಕೊಂಡು, ಭರವಸೆಗಳ ಸಮಿತಿಗೆ ಕೊಡಬೇಕಾದ ಪತ್ರದ ಕರಡು ಮಾಡಿದ್ದೇನೆ. ನಾಳಿದ್ದು ಶಾಸಕರನ್ನು ಕಂಡು ಸಹಿ ಕೇಳುತ್ತೇವೆ. ಅದರ ಜೊತೆಗೆ ಹೊಸ ಪ್ರಶ್ನೆಯನ್ನು ಹೀಗೆ ಬರೆದಿದ್ದೇವೆ: ‘ಹೊಸನಗರ ತಾಲ್ಲೂಕಿನಲ್ಲಿ ಶಾಲಾ ಮಕ್ಕಳು ಬಳಸುವ ಮರದ ಕಾಲುಸಂಕಗಳ ಸಂಖ್ಯೆ ಎಷ್ಟು (ಗ್ರಾಮವಾರು ವಿವರ ನೀಡುವುದು); ಕಳೆದ ಮೂರು ವರ್ಷಗಳಲ್ಲಿ ಇವುಗಳ ಬದಲಿಗೆ ಕಿರುಸೇತುವೆ ನಿರ್ಮಿಸಲು ಒದಗಿಸಿದ ಮತ್ತು ವೆಚ್ಚವಾದ ಮೊತ್ತವೆಷ್ಟು (ಲೆಕ್ಕಶೀರ್ಷಿಕೆವಾರು ವಿವರ ನೀಡುವುದು); ಉಳಿದವುಗಳನ್ನು ಯಾವ ದಿನಾಂಕದೊಳಗೆ ಪೂರ್ಣಗೊಳಿಸಲಾಗುವುದು?’ ಇಲಾಖೆಯ ಸಂಖ್ಯೆ ಸರಿಯಿದೆಯೇ ಎಂದು ನೋಡಲು ನಮ್ಮ ಬಳಿಯೂ ಒಂದು ಪಟ್ಟಿ ಇರಬೇಕಲ್ಲವೇ? ಅದಕ್ಕಾಗಿ ಭಾನುವಾರದಿಂದ ನಾವು ಐದು ಜನ ಹೆಂಗಸರು ಒಂದೊಂದು ಹಳ್ಳದ ದಡ ಹಿಡಿದು ಸಂಕಗಳನ್ನು ಎಣಿಸಲು ಹೊರಟಿದ್ದೇವೆ. ಎಷ್ಟು ಮನೆ, ಎಷ್ಟು ಮಕ್ಕಳು, ಯಾವ ಮಳೆಗೆ ದಾಟುವುದು ನಿಲ್ಲುತ್ತದೆ ಎಂಬುದನ್ನೂ ಬರೆದುಕೊಳ್ಳುತ್ತೇವೆ. ಪಟ್ಟಿ ಮುಗಿದ ಮೇಲೆ ಇಲ್ಲೇ ಹಾಕುತ್ತೇನೆ. ಸಾಗರ, ತೀರ್ಥಹಳ್ಳಿ ಕಡೆಯವರು ತಮ್ಮ ಕಡೆಯದನ್ನೂ ಸೇರಿಸಿದರೆ ಪರಿಷತ್ತಿನ ಸದಸ್ಯರಿಗೆ ಒಟ್ಟಿಗೇ ಕೊಡಬಹುದು.