ಹಳೇ ಕಪಾಟಿಗೆ ಬಿಳಿ ಬಳಿದರೆ ಹಳದಿ ಕಲೆ ಏಳುತ್ತಿದೆ, ದಯವಿಟ್ಟು ಸಹಾಯ ಮಾಡಿ

ಬಣ್ಣದ_ಡಬ್ಬಿ:
ಅಜ್ಜನ ಮನೆಯ ಹಳೇ ಮರದ ಕಪಾಟು. ಎರಡು ಬಾಗಿಲು, ಕೆಳಗೊಂದು ಡ್ರಾಯರ್. ಕೆಳಪದರ ಕಾವಿ ಕೆಂಪು, ಅದರ ಮೇಲೆ ಕೆನೆ ಬಿಳಿ ಚಾಕ್ ಪೇಂಟ್ (ಹೊಳಪಿಲ್ಲದ ಬಣ್ಣ). ಅಂಚು ಸವೆದು ಕೆಂಪು ಇಣುಕಬೇಕು, ಹಳ್ಳಿ ಮನೆಯಲ್ಲಿ ಬಳಸಿ ಬಳಸಿ ಹಳತಾದ ಸಾಮಾನಿನಂತೆ ಕಾಣಬೇಕು ಅಂತ ಆಸೆ. ಉಜ್ಜಿದೆ, ಪ್ರೈಮರ್ ಹಾಕಿದೆ, ಬಳಿದೆ. ಸಂಜೆ ಚೆನ್ನಾಗೇ ಇತ್ತು. ಬೆಳಗ್ಗೆ ಎದ್ದು ನೋಡಿದರೆ ಹಲಗೆ ಕೂಡಿಸಿದ ಗೆರೆಯುದ್ದಕ್ಕೂ ಅರಿಶಿನದ ನೀರು ಚೆಲ್ಲಿದ ಹಾಗೆ ಕಲೆ. ಮತ್ತೆ ಬಳಿದೆ, ಮತ್ತೆ ಬಂತು. ಬೇರೆ ಕಂಪನಿಯ ಪೇಂಟ್ ತಂದರೂ ಅದೇ ಕಥೆ. ತಲೆ ಕೆಟ್ಟು ಹೋಗಿದೆ. ಏನು ಮಾಡಲಿ?

ಉಳಿ_ಕೊಡತಿ:
ತೇವ. ಬೇರೇನೂ ಅಲ್ಲ. ಯಾವ ಊರು?

ಬಣ್ಣದ_ಡಬ್ಬಿ:
ಶಿರಸಿ. ಆದರೆ ಕಪಾಟು ಮನೆಯೊಳಗೇ ಇದೆ, ಒಣಗಿದೆ.

ಉಳಿ_ಕೊಡತಿ:
ಶಿರಸಿ ಅಂದ ಮೇಲೆ ಮುಗೀತು. ಮುಟ್ಟಿದರೆ ಒಣಗಿದಂತೆ ಇರುತ್ತದೆ, ಒಳಗೆ ನೀರು ಕೂತಿರುತ್ತದೆ. ಮರದ ತೇವ ಅಳೆಯುವ ಮಾಯಿಶ್ಚರ್ ಮೀಟರ್ ಇಟ್ಟು ನೋಡಿ. 12 ಪರ್ಸೆಂಟಿಗಿಂತ ಜಾಸ್ತಿ ಇದ್ದರೆ ದೀಪಾವಳಿ ತನಕ ಕೈ ಹಚ್ಚಬೇಡಿ.

ಸಾಗುವಾನಿ_ಪ್ರಿಯ:
ಅಜ್ಜನ ಕಾಲದ ಸಾಗುವಾನಿಗೆ ಬಿಳಿ ಬಣ್ಣ ಬಳಿಯುವುದನ್ನು ಕೇಳಿದರೇ ಸಂಕಟ ಆಗುತ್ತದೆ. ಬಣ್ಣ ಎಲ್ಲ ತೆಗೆದು ಪಾಲಿಶ್ ಮಾಡಿಸಿ. ಮರದ ಎಳೆ ಕಾಣಬೇಕು.

ಕೆಂಪು_ಕಾವಿ:
ಸಾಗುವಾನಿ ಅಂತ ಅವರೆಲ್ಲಿ ಹೇಳಿದರು? ಕಪಾಟು ಅವರದು, ಇಷ್ಟವೂ ಅವರದು. ಮರಕ್ಕೆ ಬಣ್ಣ ಹಚ್ಚುವುದು ಹೊರಗಿನವರ ಚಟ ಅಲ್ಲ. ಕೊಪ್ಪಳದ ಕಿನ್ನಾಳದವರು ಮರದ ಗೊಂಬೆಗೆ ಹುಣಸೆಬೀಜದ ಅಂಟಿನ ಲೇಪ ಕೊಟ್ಟು ಮೇಲೆ ಬಣ್ಣ ತುಂಬುತ್ತಾರೆ. ಅದನ್ನು ಕೆರೆದು ಪಾಲಿಶ್ ಮಾಡಿ ಅಂತ ಹೇಳ್ತೀರಾ?

ಸಾಗುವಾನಿ_ಪ್ರಿಯ:
ಗೊಂಬೆ ಬೇರೆ, ಕಪಾಟು ಬೇರೆ. ಗೊಂಬೆಗೆ ಬಳಸುವುದು ಹಗುರ ಮರ.

ಮರದ_ಮಾತು:
ಸ್ವಲ್ಪ ನಿಲ್ಲಿ ಎಲ್ಲರೂ. ಬಣ್ಣದ_ಡಬ್ಬಿ, ಮೂರು ವಿಷಯ ಹೇಳಿ. ಯಾವ ಮರ? ಪ್ರೈಮರ್ ನೀರಿನದೋ ಎಣ್ಣೆಯದೋ? ಡ್ರಾಯರ್ ಒಳಗೆ ಬಣ್ಣ ತಾಗದ ಕಡೆ ಮರ ಹೇಗಿದೆ?

ಬಣ್ಣದ_ಡಬ್ಬಿ:
ಹಲಸು. ನಮ್ಮ ಕಡೆ ಹಳೇ ಕಪಾಟು ಅಂದರೆ ಹಲಸೇ ಅಲ್ವಾ? ಪ್ರೈಮರ್ ನೀರಿನದು, ವಾಸನೆ ಬರಲ್ಲ ಅಂತ ತಂದದ್ದು. ಡ್ರಾಯರ್ ಒಳಗೆ ಕಂದು. ಮೂಲೆಯಲ್ಲಿ ಉಗುರಿನಿಂದ ಕೆರೆದರೆ ಹಳದಿ.

ಮರದ_ಮಾತು:
ಉತ್ತರ ಅಲ್ಲೇ ಇದೆ. ಹಲಸಿನ ಮರದ ತಿರುಳಿನಲ್ಲಿ ಮೊರಿನ್ ಅನ್ನುವ ಹಳದಿ ಬಣ್ಣ ಇರುತ್ತದೆ. ಆಗ್ನೇಯ ಏಷ್ಯಾದಲ್ಲಿ ಬೌದ್ಧ ಭಿಕ್ಷುಗಳ ಬಟ್ಟೆಗೆ ಬಣ್ಣ ಕಟ್ಟುತ್ತಿದ್ದದ್ದು ಇದೇ ಮರದ ಚೂರನ್ನು ಕುದಿಸಿ. ಬಟ್ಟೆಗೆ ಹಿಡಿಯುವ ಬಣ್ಣ ನಿಮ್ಮ ಬಿಳಿಯನ್ನು ಸುಮ್ನೆ ಬಿಡುತ್ತದಾ? ನೀರಿನ ಪ್ರೈಮರ್, ನೀರಿನ ಪೇಂಟ್ ಎರಡೂ ಮರವನ್ನು ನೆನೆಸುತ್ತವೆ. ಒಣಗುವಾಗ ನೀರಿನ ಜೊತೆ ಹಳದಿಯೂ ಮೇಲೆ ಬರುತ್ತದೆ. ಕೂಡಿಸಿದ ಕಡೆ ಮರದ ತುದಿ ತೆರೆದಿರುತ್ತದೆ, ಅಲ್ಲಿ ಜಾಸ್ತಿ ನೀರು ಕುಡಿಯುತ್ತದೆ. ಅದಕ್ಕೇ ಕಲೆ ಅಲ್ಲೇ ಮೊದಲು.

ಒದ್ದೆ ಬಿಳಿ ಬಟ್ಟೆಯನ್ನು ಕಪಾಟಿನ ಹಿಂಬದಿಗೆ ಅಂಟಿಸಿ ರಾತ್ರಿ ಬಿಡಿ. ಬೆಳಗ್ಗೆ ಬಟ್ಟೆ ನೋಡಿ.

ಉಳಿ_ಕೊಡತಿ:
ನೀವೇ ಹೇಳಿದಿರಲ್ಲ, ನೀರು ಬೇಕು ಅಂತ. ಅದನ್ನೇ ತೇವ ಅನ್ನುವುದು.

ಮರದ_ಮಾತು:
ಆ ನೀರು ಪೇಂಟ್ ಡಬ್ಬಿಯಿಂದ ಬಂದದ್ದು, ಮಳೆಯಿಂದಲ್ಲ. ಬೇಸಿಗೆಯಲ್ಲಿ ಬಳಿದರೂ ಇದೇ ಕಲೆ ಬರುತ್ತದೆ.

ಉಳಿ_ಕೊಡತಿ:
ಆದರೂ ಮೀಟರ್ ಇಟ್ಟು ನೋಡುವುದರಲ್ಲಿ ತಪ್ಪೇನಿದೆ?

ಬಣ್ಣದ_ಡಬ್ಬಿ:
ಬಟ್ಟೆ ಹಳದಿ ಆಗಿದೆ! ಮುಂದೇನು?

ಮರದ_ಮಾತು:
ಅರಗು. ಅಂಗಡಿಯಲ್ಲಿ ಶೆಲ್ಲಾಕ್ ಅಂತ ಕೇಳಿ. ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವ ಅರಗಿನ ಜಾತಿಯದ್ದೇ. ಮೇಣ ತೆಗೆದದ್ದು ಸಿಕ್ಕರೆ ಅದೇ ತನ್ನಿ, ಮೇಣ ಇದ್ದರೆ ಮೇಲಿನ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ಒಂದು ಲೀಟರ್ ಪಾಲಿಶ್ ಸ್ಪಿರಿಟ್ಟಿಗೆ ಸುಮಾರು 240 ಗ್ರಾಂ ಅರಗು ಹಾಕಿ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ. ಕಿಟಕಿ ತೆರೆದಿಡಿ, ಹತ್ತಿರ ಬೆಂಕಿ ಬೇಡ. ಕಲೆ ಬಂದ ಬಣ್ಣವನ್ನು ಕೆರೆಯಬೇಕಾಗಿಲ್ಲ, ಸಡಿಲ ಇದ್ದದ್ದನ್ನಷ್ಟೇ ಉಜ್ಜಿ. ಎರಡು ಕೋಟ್ ತೆಳ್ಳಗೆ ಹೊಡೆಯಿರಿ. ಕೂಡಿಸಿದ ಗೆರೆಗೆ ಇನ್ನೊಂದು. ಇದು ಸ್ಪಿರಿಟ್ಟಿನಲ್ಲಿ ಕರಗುವುದು, ನೀರಿನ ಬಣ್ಣ ಇದನ್ನು ದಾಟಿ ಮರ ಮುಟ್ಟುವುದಿಲ್ಲ. ಒಣಗಿದ ಮೇಲೆ 320 ನಂಬರ್ ಸ್ಯಾಂಡ್ ಪೇಪರಿನಿಂದ ಹಗುರವಾಗಿ ಸವರಿ, ಆಮೇಲೆ ಕಾವಿ.

ಗಾಳಿ_ಗನ್:
ಬ್ರಷ್ಷಿನಲ್ಲಿ ಅರಗು ಹೊಡೆದರೆ ಗೆರೆ ಬೀಳುತ್ತದೆ. ನನ್ನ ಹತ್ತಿರ 50 ಲೀಟರ್ ಟ್ಯಾಂಕಿನ ಕಂಪ್ರೆಸರ್, 1.4 ನಾಝಲ್ ಸ್ಪ್ರೇ ಗನ್ ಇದೆ. ಶೆಡ್ಡಿನಲ್ಲಿ ಎಕ್ಸಾಸ್ಟ್ ಫ್ಯಾನೂ ಹಾಕಿಸಿದ್ದೇನೆ. ಮೇಲ್ಮೈ ಗಾಜು ಗಾಜು. ಫೋಟೋ ಹಾಕಲಾ?

ಕೆಂಪು_ಕಾವಿ:
ಅವರಿಗೆ ಬೇಕಾದದ್ದು ಸವೆದ ನೋಟ, ಗಾಜಲ್ಲ. ಡಬ್ಬಿ, ಒಂದು ಮಾತು ಕೇಳಿ. ಸವೆದ ನೋಟಕ್ಕೆ, ಕಾವಿ ಒಣಗಿದ ಮೇಲೆ, ಬಿಳಿ ಬಳಿಯುವ ಮೊದಲು ಅಂಚಿಗೆ ಮೇಣದಬತ್ತಿ ಉಜ್ಜಬೇಕು. ಆದರೆ ಎಲ್ಲ ಅಂಚಿಗೂ ಒಂದೇ ಸಮ ಉಜ್ಜಬೇಡಿ, ಸುಳ್ಳು ಅಂತ ತಕ್ಷಣ ಗೊತ್ತಾಗುತ್ತದೆ. ಕೈ ಎಲ್ಲಿ ಬೀಳುತ್ತದೆ ನೋಡಿ. ಹಿಡಿಯ ಸುತ್ತ, ಬಾಗಿಲು ತೆರೆಯುವ ಅಂಚಿನ ನಡು, ಡ್ರಾಯರಿನ ಮೇಲ್ತುಟಿ. ಕೆಳಗೆ ಪೊರಕೆ ತಾಗುವ ಕಾಲು. ಬೆನ್ನ ಹತ್ತಿರ, ಮೇಲಿನ ಮೂಲೆಯಲ್ಲಿ ಏನೂ ಬೇಡ. ಬಿಳಿ ಒಣಗಿದ ಮೇಲೆ ಅಷ್ಟೇ ಕಡೆ 220 ನಂಬರ್ ಸ್ಯಾಂಡ್ ಪೇಪರಿನಿಂದ ಸವರಿ. ಮೇಣ ಇದ್ದ ಕಡೆ ಬಿಳಿ ಸಿಪ್ಪೆಯಾಗಿ ಏಳುತ್ತದೆ, ಕೆಂಪು ತಾನಾಗಿ ಕಾಣುತ್ತದೆ.

ಬಣ್ಣದ_ಡಬ್ಬಿ:
ಡ್ರಾಯರಿನ ಹಿಂಬದಿಯಲ್ಲಿ ಅರ್ಧಕ್ಕೆ ಅರಗು ಹೊಡೆದು, ಅರ್ಧ ಬಿಟ್ಟು, ಪೂರ್ತಿ ಬಿಳಿ ಬಳಿದೆ. ಅರಗು ಇದ್ದ ಅರ್ಧ ಇವತ್ತಿಗೂ ಬಿಳಿ! ಬಿಟ್ಟ ಅರ್ಧ ಹಳದಿ. ಮರದ_ಮಾತು ಅವರಿಗೆ ತುಂಬಾ ಥ್ಯಾಂಕ್ಸ್. ಎಲ್ಲ ಮುಗಿದ ಮೇಲೆ ಮೇಲೆ ಮೇಣವಾ, ಮ್ಯಾಟ್ ಕ್ಲಿಯರ್ ಕೋಟಾ (ಹೊಳಪಿಲ್ಲದ ಪಾರದರ್ಶಕ ಲೇಪ)?

ಕೆಂಪು_ಕಾವಿ:
ಮೇಣ. ಚಾಕ್ ಪೇಂಟಿಗೆ ಅದೇ ಚೆಂದ.

ಮರದ_ಮಾತು:
ಶಿರಸಿಯ ಮಳೆಗೆ ಮೇಣ ಬೇಡ. ನೀರಿನ ಮ್ಯಾಟ್ ಕ್ಲಿಯರ್ ಹಾಕಿ. ಎಣ್ಣೆಯ ಕ್ಲಿಯರ್ ಹಾಕಿದರೆ ಬರಬರುತ್ತಾ ಅದೇ ಹಳದಿಯಾಗುತ್ತದೆ. ಆದರೆ ಅಂಚಿಗೆ ಉಜ್ಜಿದ ಮೇಣದಬತ್ತಿಯನ್ನು ಪೂರ್ತಿ ತೆಗೆಯದೆ ಕ್ಲಿಯರ್ ಹಿಡಿಯಲ್ಲ.

ಉಳಿ_ಕೊಡತಿ:
ಮೀಟರ್ ರೀಡಿಂಗ್ ಎಷ್ಟು ಬಂತು, ಹೇಳಲೇ ಇಲ್ಲ?