ಕೃತಕ ಮಂಡಿಗೆ ಸೋಂಕು ತಡೆಯುವ ಲೇಪನ: ಕೇಳಿ ಹಾಕಿಸಿಕೊಳ್ಳಬೇಕೇ?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನಮ್ಮ ತಾಯಿಗೆ 68 ವರ್ಷ, ಸಕ್ಕರೆ ಕಾಯಿಲೆ ಇದೆ. ಸದ್ಯದಲ್ಲೇ ಮಂಡಿ ಕೀಲು ಬದಲಾಯಿಸಬೇಕಾಗಿದೆ. ಬೆಳ್ಳಿ ಲೇಪನದ ಇಂಪ್ಲಾಂಟ್ ಹಾಕಿಸಿದರೆ ಸೋಂಕು ತಗಲುವುದೇ ಇಲ್ಲ ಎಂದು ಪರಿಚಯದವರೊಬ್ಬರು ಹೇಳಿದರು. ಅದನ್ನೇ ಕೇಳಬೇಕೇ?

ಉತ್ತರ (ಮೂಳೆ ಮತ್ತು ಕೀಲು ತಜ್ಞರು): ನಮಸ್ಕಾರ. ‘ತಗಲುವುದೇ ಇಲ್ಲ’ ಎನ್ನಬಹುದಾದ ಇಂಪ್ಲಾಂಟ್ ಇನ್ನೂ ಬಂದಿಲ್ಲ.

ಮೊದಲ ಬಾರಿ ಮಂಡಿ ಬದಲಾಯಿಸಿಕೊಂಡವರಲ್ಲಿ ನೂರಕ್ಕೆ ಒಬ್ಬಿಬ್ಬರಿಗೆ ಆಳದ ಸೋಂಕಾಗುತ್ತದೆ. ಅಪರೂಪವೇ, ಆದರೆ ಆದವರ ಪಾಡು ಕಷ್ಟ. ಲೋಹಕ್ಕೆ ರಕ್ತಸಂಚಾರವಿಲ್ಲ. ಸ್ಟಫಿಲೊಕಾಕಸ್‌ನಂಥ ಬ್ಯಾಕ್ಟೀರಿಯಾ ಅದಕ್ಕೆ ಅಂಟಿಕೊಂಡು ಸುತ್ತ ಲೋಳೆಯ ಪೊರೆ ಕಟ್ಟಿಕೊಂಡರೆ, ಆಂಟಿಬಯೋಟಿಕ್ ಒಂದರಿಂದಲೇ ಅದನ್ನು ನಿರ್ಮೂಲ ಮಾಡುವುದು ಬಹಳ ಕಷ್ಟ. ಮತ್ತೆ ಕೀಲು ತೆರೆದು ತೊಳೆಯಬೇಕು, ಕೆಲವೊಮ್ಮೆ ಹಾಕಿದ್ದನ್ನೇ ತೆಗೆಯಬೇಕು. ಲೇಪನದ ಕೆಲಸವೆಲ್ಲ ಆ ಪೊರೆ ಕಟ್ಟುವ ಮುಂಚೆ.

ಬೆಳ್ಳಿ ಲೇಪನವನ್ನು ಹೆಚ್ಚಾಗಿ ಬಳಸುವುದು ಮೂಳೆಯ ಗಡ್ಡೆ ತೆಗೆದ ಮೇಲೆ ಹಾಕುವ ದೊಡ್ಡ ಇಂಪ್ಲಾಂಟ್‌ಗಳಿಗೆ; ಅಲ್ಲಿ ಸೋಂಕಿನ ಭಯ ಹೆಚ್ಚು. ಇನ್ನೊಂದು ಬಗೆ, ಹಯಲುರಾನಿಕ್ ಆಮ್ಲದಿಂದ ಮಾಡಿದ ಜೆಲ್. ಶಸ್ತ್ರಚಿಕಿತ್ಸೆಯ ಕೋಣೆಯಲ್ಲೇ ಆಂಟಿಬಯೋಟಿಕ್ ಬೆರೆಸಿ ಲೋಹದ ಮೇಲೆ ಸವರುತ್ತಾರೆ, ಕೆಲವು ದಿನಗಳಲ್ಲಿ ಕರಗಿಹೋಗುತ್ತದೆ. ಇವೆರಡಕ್ಕಿಂತ ಬಹಳ ಬಳಕೆಯಲ್ಲಿರುವುದು ಜೆಂಟಾಮೈಸಿನ್ ಎಂಬ ಆಂಟಿಬಯೋಟಿಕ್ ಬೆರೆಸಿದ ಬೋನ್ ಸಿಮೆಂಟ್, ಅಂದರೆ ಇಂಪ್ಲಾಂಟನ್ನು ಮೂಳೆಗೆ ಕೂರಿಸುವ ಪದಾರ್ಥ. ಅದು ಲೇಪನವಲ್ಲ, ಆದರೆ ಉದ್ದೇಶ ಅದೇ. ನಿಮ್ಮ ತಾಯಿಗೆ ಯಾವ ಸಿಮೆಂಟ್ ಬಳಸುತ್ತಾರೆ ಎಂದು ಕೇಳಿ. ಬೆಳ್ಳಿಯ ವಿಚಾರಕ್ಕಿಂತ ಉಪಯುಕ್ತ ಪ್ರಶ್ನೆ ಅದು.

ನನ್ನನ್ನು ಕೇಳಿದರೆ, ಸದ್ಯ ನಿಮ್ಮ ಗಮನ ಸಕ್ಕರೆಯ ಮೇಲಿರಲಿ. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಶೇ 8ಕ್ಕಿಂತ ಮೇಲಿದ್ದರೆ ನಮ್ಮಲ್ಲಿ ಅನೇಕರು ಶಸ್ತ್ರಚಿಕಿತ್ಸೆಯನ್ನೇ ಮುಂದೂಡುತ್ತೇವೆ. ಹುಳುಕು ಹಲ್ಲು, ಪಾದದ ಹುಣ್ಣು ಇದ್ದರೆ ಮೊದಲು ವಾಸಿಯಾಗಲಿ. ಮಂಡಿಯ ಕೂದಲನ್ನು ಮನೆಯಲ್ಲಿ ಬ್ಲೇಡಿನಿಂದ ತೆಗೆಯಬೇಡಿ, ಸಣ್ಣ ಗಾಯವೂ ಬ್ಯಾಕ್ಟೀರಿಯಾಗಳಿಗೆ ದಾರಿ.

ಇನ್ನೊಬ್ಬ ಸದಸ್ಯರು: ಸರ್, ನನಗೆ ಸೊಂಟದ ಕೀಲು ಬದಲಾಯಿಸಿ ಮೂರು ವರ್ಷವಾಯಿತು. ಯಾವ ಲೇಪನವೂ ಇಲ್ಲ. ಈಗಲೂ ಸೋಂಕು ಬರಬಹುದೇ?

ಉತ್ತರ: ಬರಬಹುದು, ಅಪರೂಪಕ್ಕೆ. ದೇಹದ ಬೇರೆಲ್ಲೋ ಇರುವ ಸೋಂಕು ರಕ್ತದ ಮೂಲಕ ಕೀಲಿಗೆ ಹರಿಯುತ್ತದೆ. ಕರಗುವ ಜೆಲ್ ಹಾಕಿಸಿಕೊಂಡಿದ್ದರೂ ಇಷ್ಟು ವರ್ಷ ಉಳಿಯುತ್ತಿರಲಿಲ್ಲ, ಆದ್ದರಿಂದ ಆ ಕೊರಗು ಬೇಡ. ಕೀಲಿನಲ್ಲಿ ಹೊಸದಾಗಿ ನೋವು, ಊತ, ಬಿಸಿ, ಜ್ವರ ಕಂಡರೆ ಅಂದೇ ನಿಮ್ಮ ಶಸ್ತ್ರಚಿಕಿತ್ಸಕರಿಗೆ ತಿಳಿಸಿ. ಮನೆಯಲ್ಲಿ ಉಳಿದಿರುವ ಆಂಟಿಬಯೋಟಿಕ್ ಮಾತ್ರೆಯನ್ನು ಮಾತ್ರ ನುಂಗಬೇಡಿ. ಮೊದಲು ಕೀಲಿನ ದ್ರವ ತೆಗೆದು ಪರೀಕ್ಷಿಸಬೇಕು; ಮಾತ್ರೆ ಒಳಗೆ ಹೋದ ಮೇಲೆ ಯಾವ ಬ್ಯಾಕ್ಟೀರಿಯಾ ಎಂದು ಪ್ರಯೋಗಾಲಯದಲ್ಲಿ ಪತ್ತೆಯಾಗದೆ ಹೋಗಬಹುದು.